ತಕ್ಕಡಿ ಏರುವ ಶುಕ್ರವಾರ: ಬಾಕ್ಸಿಂಗ್ ವೇ-ಇನ್ ನೋಡುವುದು ಹೇಗೆ?

ಲಾಸ್ ವೇಗಸ್‌ನಲ್ಲಿ ದೊಡ್ಡ ಬಾಕ್ಸಿಂಗ್ ಪಂದ್ಯ ನಡೆದರೆ ಮೇಲಿನ ಸಾಲಿನ ಕುರ್ಚಿಗೂ ನೂರಾರು ಡಾಲರ್ ತೆರಬೇಕು. ಅದೇ ಬಾಕ್ಸರ್‌ಗಳನ್ನು ಅದರ ಹಿಂದಿನ ದಿನ ಬಹುತೇಕ ಸಲ ಉಚಿತವಾಗಿಯೇ ನೋಡಬಹುದು. ಪಂದ್ಯ ಶನಿವಾರ ರಾತ್ರಿ, ತೂಕ ಶುಕ್ರವಾರ. ತೂಕ ತೋರಿಸುವ ಈ ಕಾರ್ಯಕ್ರಮಕ್ಕೆ ವೇ-ಇನ್ ಎಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ವೇಗಸ್ ಕಡೆ ಕಾರು ಓಡಿಸುವುದು ಹೊಸದೇನಲ್ಲ. ಬಾಕ್ಸಿಂಗ್ ಮೇಲೆ ಪ್ರೀತಿಯಿದ್ದರೆ ಒಂದು ದಿನ ಮೊದಲೇ ಹೊರಡಿ. ಆದರೆ ಅಲ್ಲಿ ಏನನ್ನು ನೋಡಬೇಕು ಎಂಬುದನ್ನು ತಿಳಿದುಕೊಂಡು ಹೋಗಿ. ಬಂದವರಲ್ಲಿ ಹೆಚ್ಚಿನವರು ಕೂಗಾಟ ಮತ್ತು ತಳ್ಳಾಟವನ್ನು ಮೊಬೈಲ್‌ನಲ್ಲಿ ತುಂಬಿಕೊಂಡು ಮರಳುತ್ತಾರೆ. ನೋಡಬೇಕಾದದ್ದು ಬಾಕ್ಸರ್‌ನ ದೇಹವನ್ನು.

ಮೊದಲು ಸಮಯ, ಸ್ಥಳ ತಿಳಿಯಿರಿ

ಪಂದ್ಯದ ವಾರಕ್ಕೆ ಒಂದು ಕ್ರಮವಿದೆ. ವಾರದ ನಡುವೆ ಸಾರ್ವಜನಿಕ ಅಭ್ಯಾಸ, ಆಮೇಲೆ ಪತ್ರಿಕಾಗೋಷ್ಠಿ, ಶುಕ್ರವಾರ ತೂಕ. ವೇಳಾಪಟ್ಟಿಯನ್ನು ಪಂದ್ಯದ ಆಯೋಜಕರು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ವೇಗಸ್‌ನಲ್ಲಾದರೆ ಸಾಮಾನ್ಯವಾಗಿ ಎಂಜಿಎಂ ಗ್ರ್ಯಾಂಡ್ ಗಾರ್ಡನ್ ಅರೀನಾ, ಇಲ್ಲವೇ ಟಿ-ಮೊಬೈಲ್ ಅರೀನಾ ಮತ್ತು ಅದರ ಹೊರಗಿನ ಬಯಲು. ಲಂಡನ್‌ನಲ್ಲಿ ಬಯಲು ಇನ್ನೂ ದೊಡ್ಡದಾಗಬಹುದು: 2024ರ ಸೆಪ್ಟೆಂಬರ್‌ನಲ್ಲಿ ಆಂಟನಿ ಜೋಶುವಾ ಮತ್ತು ಡೇನಿಯಲ್ ಡುಬೋವಾ ತೂಕ ತೋರಿಸಿದ್ದು ಟ್ರಫಾಲ್ಗರ್ ಚೌಕದಲ್ಲಿ.

ಪ್ರವೇಶ ಉಚಿತ ಎಂದಿದ್ದರೂ ಕೆಲವೊಮ್ಮೆ ಮುಂಚೆಯೇ ಟಿಕೆಟ್ ಇಳಿಸಿಕೊಳ್ಳಬೇಕಾಗುತ್ತದೆ. ಅದನ್ನು ಮರೆತವರು ಬಾಗಿಲಿನಿಂದಲೇ ಹಿಂದಿರುಗಬೇಕು. ಹಣ ಪಡೆದ ಉದಾಹರಣೆಯೂ ಇದೆ. 2015ರ ಮೇ 1ರಂದು ಮೇವೆದರ್ ಮತ್ತು ಪಕ್ಯಾವೊ ತೂಕಕ್ಕೆ ನಿಂತಾಗ ತಲಾ 10 ಡಾಲರ್ ಟಿಕೆಟ್ ಇತ್ತು. ಆ ಹಣ ದತ್ತಿ ಸಂಸ್ಥೆಗಳಿಗೆ ಹೋಯಿತು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಇಬ್ಬರು ಗಂಡಸರು ತಕ್ಕಡಿ ಹತ್ತಿ ಇಳಿಯುವುದನ್ನು ನೋಡಲು ಬಂದ ಜನ ಅಷ್ಟು!

ಬೆಳಗಿನ ತೂಕ ಬೇರೆ, ಸಂಜೆಯ ತೂಕ ಬೇರೆ

ಹೊಸಬರಿಗೆ ಗೊತ್ತಿರದ ಸಂಗತಿ ಇದು. ಈಗ ದೊಡ್ಡ ಪಂದ್ಯಗಳಲ್ಲಿ ಅಧಿಕೃತ ತೂಕ ಬೆಳಿಗ್ಗೆಯೇ, ಪಂದ್ಯಗಳನ್ನು ನಿಯಂತ್ರಿಸುವ ಕ್ರೀಡಾ ಆಯೋಗದ ಅಧಿಕಾರಿಗಳ ಮುಂದೆ ಸಣ್ಣ ಕೋಣೆಯಲ್ಲಿ ಮುಗಿದಿರುತ್ತದೆ. ಮಧ್ಯಾಹ್ನದ ಮೇಲೆ ಸಾವಿರಾರು ಜನರ ಮುಂದೆ ನಡೆಯುವುದು ಅದರ ಸಾರ್ವಜನಿಕ ಪ್ರದರ್ಶನ. ಬೆಳಿಗ್ಗೆ ತೂಗಿದರೆ ಬಾಕ್ಸರ್ ಬೇಗ ನೀರು ಕುಡಿಯಬಹುದು, ಊಟ ಮಾಡಬಹುದು, ಚೇತರಿಸಿಕೊಳ್ಳಲು ಇನ್ನಷ್ಟು ಗಂಟೆ ಸಿಗುತ್ತದೆ. ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ನಂಬಿಕೆ. ಆದ್ದರಿಂದ ಸಾಲಿನಲ್ಲಿ ನಿಂತಿರುವಾಗಲೇ ಮೊಬೈಲ್ ತೆಗೆದು ಬೆಳಗಿನ ಅಂಕಿಗಳನ್ನು ನೋಡಿಕೊಳ್ಳಿ.

2024ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಡೆವಿನ್ ಹೇನಿ ಎದುರು ಆಡಬೇಕಿದ್ದ ರಯಾನ್ ಗಾರ್ಸಿಯಾ ಅಧಿಕೃತ ತೂಕದಲ್ಲಿ 143.2 ಪೌಂಡ್ ತೂಗಿದರು. ಮಿತಿ ಇದ್ದದ್ದು 140. ಪಟ್ಟ ಗೆಲ್ಲುವ ಅವಕಾಶ ಅಲ್ಲಿಯೇ ಹೋಯಿತು. ಆಮೇಲೆ ಸಾರ್ವಜನಿಕ ವೇದಿಕೆಯಲ್ಲಿ ಅವರು ತಕ್ಕಡಿಯ ಮೇಲೆ ನಿಂತು ಬಾಟಲಿ ಎತ್ತಿ ಗಟಗಟನೆ ಕುಡಿದರು. ಬೆಳಗಿನ ಅಂಕಿ ತಿಳಿಯದೆ ಬಂದವರಿಗೆ ಅದು ಬರೀ ಹುಚ್ಚಾಟ. ತಿಳಿದವರಿಗೆ ಹೇನಿಗೆ ಆದ ಅನ್ಯಾಯ ಎದುರಿಗೇ ಕಾಣುತ್ತಿತ್ತು: ಒಬ್ಬ ಹಸಿದು ಮಿತಿಗೆ ಇಳಿದಿದ್ದಾನೆ, ಇನ್ನೊಬ್ಬ ಇಳಿದಿಲ್ಲ.

ಎಲ್ಲಿ ಕೂರಬೇಕು?

ವೇದಿಕೆಯ ಬುಡಕ್ಕೆ ನುಗ್ಗಬೇಡಿ. ಅಲ್ಲಿ ಛಾಯಾಗ್ರಾಹಕರ ಬೆನ್ನಷ್ಟೇ ಕಾಣುತ್ತದೆ. ಪಕ್ಕದ ಸಾಲುಗಳೂ ಬೇಡ, ಬಾಕ್ಸರ್‌ಗಳು ಮುಖಾಮುಖಿ ನಿಂತಾಗ ಒಬ್ಬನ ಬೆನ್ನು ಇನ್ನೊಬ್ಬನನ್ನು ಮರೆಮಾಡುತ್ತದೆ. ವೇದಿಕೆಗೆ ನೇರ ಎದುರು, ನೆಲದಿಂದ ಸ್ವಲ್ಪ ಎತ್ತರದ ಸಾಲು ಒಳ್ಳೆಯದು. ಅದಕ್ಕಾಗಿ ಬಾಗಿಲು ತೆರೆಯುವ ಒಂದು ಗಂಟೆ ಮೊದಲೇ ಹೋಗಬೇಕು. ಮೇ ಮತ್ತು ಸೆಪ್ಟೆಂಬರ್‌ನ ಮೆಕ್ಸಿಕನ್ ಹಬ್ಬದ ವಾರಾಂತ್ಯಗಳಲ್ಲಾದರೆ ಇನ್ನೂ ಬೇಗ. ಸೆಪ್ಟೆಂಬರ್‌ನಲ್ಲೂ ವೇಗಸ್‌ನ ಬಿಸಿಲು ಸುಡುತ್ತದೆ, ಟೋಪಿ ಮತ್ತು ನೀರು ಇರಲಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ತಕ್ಕಡಿಯ ಲೆಕ್ಕ

ಅಂಕಿಗಳೆಲ್ಲ ಪೌಂಡ್‌ನಲ್ಲಿ. ಲೈಟ್‌ವೇಟ್ 135, ವೆಲ್ಟರ್‌ವೇಟ್ 147, ಮಿಡಲ್‌ವೇಟ್ 160, ಲೈಟ್ ಹೆವಿವೇಟ್ 175. ಕಿಲೋಗೆ ತರಲು 2.2ರಿಂದ ಭಾಗಿಸಿ, 147 ಎಂದರೆ ಸುಮಾರು 67 ಕಿಲೋ. ಪಟ್ಟದ ಪಂದ್ಯವಲ್ಲದಿದ್ದರೆ ಸಾಮಾನ್ಯವಾಗಿ ಒಂದು ಪೌಂಡ್ ರಿಯಾಯಿತಿ ಉಂಟು. ಪಟ್ಟದ ಪಂದ್ಯದಲ್ಲಿ ಅದೂ ಇಲ್ಲ. ಒಳಉಡುಪಿನ ಭಾರವೂ ಲೆಕ್ಕಕ್ಕೆ ಬರುವುದರಿಂದ ಗಡಿಯಲ್ಲಿರುವ ಬಾಕ್ಸರ್ ಅದನ್ನೂ ಕಳಚಿ, ಸುತ್ತ ಹಿಡಿದ ಟವೆಲ್‌ನ ಮರೆಯಲ್ಲಿ ತೂಗಿಸಿಕೊಳ್ಳುತ್ತಾನೆ. ಅಂಥದ್ದು ಕಣ್ಣಿಗೆ ಬಿದ್ದರೆ ದಯವಿಟ್ಟು ನಗಬೇಡಿ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕಿಲೋ ಮಿತಿಯನ್ನು ಬರೀ 100 ಗ್ರಾಂ ಮೀರಿದ್ದಕ್ಕೆ ಒಲಿಂಪಿಕ್ಸ್ ಫೈನಲ್ ಕಳೆದುಕೊಂಡ ದಿನ ನಾವೆಲ್ಲ ಸಂಕಟಪಟ್ಟಿದ್ದೇವೆ. ಟವೆಲ್‌ನ ಹಿಂದೆ ನಿಂತವನದೂ ಅದೇ ಸಂಕಟ.

ಈಗ ಅವನ ಮುಖ ನೋಡಿ. ಕೆನ್ನೆ ಒಳಗೆ ಸೇದಿದೆಯೇ? ತುಟಿ ಒಡೆದಿದೆಯೇ? ಮೆಟ್ಟಿಲು ಹತ್ತುವಾಗ ಯಾರ ಹೆಗಲಿಗಾದರೂ ಕೈ ಊರಿದನೇ? ಬೆಳಿಗ್ಗೆ ತೂಗಿ, ನೀರು ಕುಡಿದು ಬಂದ ಮೇಲೂ ಕಣ್ಣು ಗುಳಿಬಿದ್ದಿದ್ದರೆ ಅವನು ಆ ವರ್ಗಕ್ಕೆ ಇಳಿಯಲು ತನ್ನನ್ನು ಹಿಂಡಿಕೊಂಡಿದ್ದಾನೆ ಎಂದೇ ಅರ್ಥ. ಸ್ನಾಯುಗಳು ಗೆರೆ ಕೊರೆದಂತೆ ಎದ್ದು ಕಾಣುವುದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ. ಅದು ಬಲದ ಗುರುತಾಗಿರಬಹುದು, ಚರ್ಮದಡಿಯ ನೀರೆಲ್ಲ ಬತ್ತಿದ ಗುರುತೂ ಆಗಿರಬಹುದು. ಮುಖ ಮತ್ತು ಮೈಯನ್ನು ಕೂಡಿಸಿ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಹೆವಿವೇಟ್‌ನಲ್ಲಿ ಮಿತಿಯೇ ಇಲ್ಲ, ಹಾಗಾಗಿ ಅಲ್ಲಿನ ಅಂಕಿ ಹೇಳುವುದು ಬಾಕ್ಸರ್‌ನ ತಂತ್ರವನ್ನು. ಡಿಯಾಂಟೆ ವೈಲ್ಡರ್ ಎದುರು 2018ರಲ್ಲಿ 256.5 ಪೌಂಡ್ ಇದ್ದ ಟೈಸನ್ ಫ್ಯೂರಿ, 2020ರ ಫೆಬ್ರವರಿಯ ಮರುಪಂದ್ಯಕ್ಕೆ 273 ಪೌಂಡ್ ತೂಗಿದರು. ಮೈಮೇಲೆ ಬಿದ್ದು ಆಡುವ ಉದ್ದೇಶ ತಕ್ಕಡಿಯಲ್ಲೇ ಕಂಡಿತ್ತು. ಮರುದಿನ ಏಳನೇ ಸುತ್ತಿನಲ್ಲಿ ಪಂದ್ಯ ಮುಗಿಸಿದರು.

ಹಿಂದೆ ಪಂದ್ಯದ ದಿನವೇ ತೂಕ ನಡೆಯುತ್ತಿತ್ತು. 1964ರ ಫೆಬ್ರವರಿ 25ರ ಬೆಳಿಗ್ಗೆ ಮಯಾಮಿ ಬೀಚ್‌ನಲ್ಲಿ ಸನ್ನಿ ಲಿಸ್ಟನ್ ಎದುರು ಕ್ಯಾಸಿಯಸ್ ಕ್ಲೇ (ಮುಂದೆ ಮುಹಮ್ಮದ್ ಅಲಿ ಆದವರು) ಅಬ್ಬರಿಸಿ 2,500 ಡಾಲರ್ ದಂಡ ಹಾಕಿಸಿಕೊಂಡದ್ದು, ರಾತ್ರಿ ಅದೇ ಲಿಸ್ಟನ್‌ರನ್ನು ಸೋಲಿಸಿದ್ದು ಪ್ರಸಿದ್ಧ. ಒಣಗಿದ ದೇಹಕ್ಕೆ ಪೆಟ್ಟು ಬಿದ್ದರೆ ಅಪಾಯ ಹೆಚ್ಚೆಂಬ ಕಾರಣಕ್ಕೆ 1980ರ ದಶಕದಲ್ಲಿ ತೂಕ ಹಿಂದಿನ ದಿನಕ್ಕೆ ಸರಿಯಿತು. ಆದರೆ ಬಿಡುವು ಸಿಕ್ಕಿತೆಂದು ಬಾಕ್ಸರ್‌ಗಳು ಇನ್ನೂ ಕೆಳಗಿಳಿದು, ರಾತ್ರಿಯೊಳಗೆ ಇನ್ನೂ ಮೇಲೇರತೊಡಗಿದರು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆರ್ಟುರೊ ಗಟ್ಟಿ 141 ಪೌಂಡ್ ಎಂದು ಘೋಷಿತರಾದರು; ಎದುರಾಳಿ ಜೋಯಿ ಗಮಾಶ್ ಕಡೆಯವರು ಆ ತೂಕವನ್ನು ಅಲ್ಲೇ ಪ್ರಶ್ನಿಸಿದರು. ಪಂದ್ಯದ ರಾತ್ರಿ ಟಿವಿ ವಾಹಿನಿಯ ತಕ್ಕಡಿ ಗಟ್ಟಿಯವರಿಗೆ 160 ತೋರಿಸಿತು. ಎರಡನೇ ಸುತ್ತಿನಲ್ಲಿ ನೆಲಕ್ಕುರುಳಿದ ಗಮಾಶ್ ಮಿದುಳಿಗೆ ಪೆಟ್ಟಾಗಿ ಮತ್ತೆಂದೂ ರಿಂಗ್‌ಗೆ ಇಳಿಯಲಿಲ್ಲ. ಆ ತೂಕದ ಕೆಲಸದಲ್ಲಿ ಆಯೋಗ ನಿರ್ಲಕ್ಷ್ಯ ತೋರಿತೆಂದು ನ್ಯಾಯಾಲಯ 2010ರಲ್ಲಿ ಹೇಳಿತು, ಪರಿಹಾರ ಮಾತ್ರ ಸಿಗಲಿಲ್ಲ. ತೂಕದ ವೇದಿಕೆಯನ್ನು ಬರೀ ಮನರಂಜನೆ ಎಂದು ಕರೆಯಲು ನನಗೆ ಮನಸ್ಸು ಬಾರದಿರುವುದು ಈ ಕಾರಣಕ್ಕೆ.

ಮುಖಾಮುಖಿ

ಜನ ಕಾದು ಕೂತಿರುವುದು ಇದಕ್ಕೆ. ಇಬ್ಬರೂ ಮೂಗಿಗೆ ಮೂಗು ತಾಗುವಂತೆ ನಿಲ್ಲುತ್ತಾರೆ. ಮೊದಲು ಕಣ್ಣು ತಪ್ಪಿಸಿದವನು ಹೆದರಿದ್ದಾನೆ ಎಂಬ ಮಾತು ಪ್ರಚಲಿತ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಇಬ್ಬರ ಎತ್ತರ, ಹೆಗಲಿನ ಅಗಲ, ತೋಳಿನ ಉದ್ದವನ್ನು ಪಕ್ಕಪಕ್ಕದಲ್ಲಿ ಅಳೆಯಲು ಸಿಗುವ ಅಪರೂಪದ ಕ್ಷಣ ಅದು, ಅದನ್ನು ಬಳಸಿಕೊಳ್ಳಿ. ನಿಮ್ಮವನ ಹೆಸರು ಕೂಗಿ, ಹಾಡಿ. 2007ರ ಡಿಸೆಂಬರ್‌ನಲ್ಲಿ ರಿಕಿ ಹ್ಯಾಟನ್‌ಗಾಗಿ ಇಂಗ್ಲೆಂಡಿನಿಂದ ಹಾರಿಬಂದ ಸಾವಿರಾರು ಜನ ಎಂಜಿಎಂ ಗ್ರ್ಯಾಂಡ್‌ನಲ್ಲಿ ಹಾಡಿದ್ದು ಇಂದಿಗೂ ನೆನಪಾಗುತ್ತದೆ. ಎದುರಾಳಿಯ ದೇಶ, ಬಣ್ಣ, ಮನೆಯವರನ್ನು ಮಾತ್ರ ಎಳೆದು ತರಬೇಡಿ.

ಇನ್ನೊಂದು ಮಾತು. ತಕ್ಕಡಿ ಮೊದಲು ಏರುವವರು ಅಂಡರ್‌ಕಾರ್ಡ್‌ನ, ಅಂದರೆ ಮುಖ್ಯ ಪಂದ್ಯಕ್ಕೆ ಮುನ್ನ ಆಡುವ ಬಾಕ್ಸರ್‌ಗಳು. ಆಗ ಸಭಾಂಗಣ ಅರ್ಧ ಖಾಲಿ, ಕೂತವರೂ ಮಾತಿನಲ್ಲಿ ಮುಳುಗಿರುತ್ತಾರೆ. ಅವರೂ ಅಷ್ಟೇ ಹಸಿದು ಬಂದವರು. ಅವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಶನಿವಾರದ ಟಿಕೆಟ್ ಇದ್ದರೆ ಮುಖ್ಯ ಪಂದ್ಯದ ಹೊತ್ತಿಗಲ್ಲ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಕೂತು, ಆ ಹೆಸರುಗಳನ್ನು ಕರೆದಾಗ ಚಪ್ಪಾಳೆ ತಟ್ಟಿ.