ಗುಡ್ಡದ ಟ್ಯಾಂಕಿನ ಆರ್‌ಟಿಯು ಕೆಟ್ಟಿದೆಯಾ? ಕಂಟ್ರೋಲರ್ ಬದಲಿಸುವುದು ಹೀಗೆ

ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಇರುವ ಕಡೆ ಗುಡ್ಡದ ಮೇಲಿನ ಟ್ಯಾಂಕಿನ ಪಕ್ಕ ಒಂದು ಬೂದು ಪೆಟ್ಟಿಗೆ, ಮೇಲೊಂದು ಸೋಲಾರ್ ಪ್ಯಾನೆಲ್, ಕಂಬದ ತುದಿಗೆ ಮೀನಿನ ಮುಳ್ಳಿನಂಥ ಆ್ಯಂಟೆನಾ ಇರುತ್ತದೆ, ನೋಡಿರುತ್ತೀರಿ. ಅದೇ ಆರ್‌ಟಿಯು, ಅಂದರೆ ರಿಮೋಟ್ ಟರ್ಮಿನಲ್ ಯೂನಿಟ್. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಅಳೆದು ರೇಡಿಯೊ ಮೂಲಕ ಕೆಳಗಿನ ಪಂಪ್‌ಹೌಸಿಗೆ ತಿಳಿಸುವುದು ಅದರ ಕೆಲಸ. ಪಂಪ್ ಶುರುವಾಗುವುದು, ನಿಲ್ಲುವುದು ಎಲ್ಲ ಆ ಲೆಕ್ಕದ ಮೇಲೆಯೇ. ಆ ಪೆಟ್ಟಿಗೆಯ ಮೆದುಳಾದ ಕಂಟ್ರೋಲರ್ ಮಾಡ್ಯೂಲ್ ಕೆಟ್ಟರೆ ಕೆಳಗಿನ ಊರುಗಳ ನಲ್ಲಿಯಲ್ಲಿ ನೀರು ಬರುವುದು ನೀರುಗಂಟಿಯ ಕಾಲುಬಲದ ಮೇಲೆ ನಿಲ್ಲುತ್ತದೆ. ಪಾಪ, ದಿನಕ್ಕೆ ಎಷ್ಟು ಸಲ ಗುಡ್ಡ ಹತ್ತುತ್ತಾರೆ?

ಹಳೆ ಮಾಡ್ಯೂಲ್ ಕಳಚಿ ಹೊಸದು ಕೂರಿಸುವುದು ದೊಡ್ಡ ಕೆಲಸವೇ ಅಲ್ಲ. ಕೆಲಸ ಇರುವುದು ಅದಕ್ಕಿಂತ ಮುಂಚೆ ಮತ್ತು ಆಮೇಲೆ.

ಮೊದಲು, ಕೆಟ್ಟಿರುವುದು ಕಂಟ್ರೋಲರೇ ಹೌದಾ ನೋಡಿ. ಬೇರೆ ಯಾವುದೋ ತೊಂದರೆಗೆ ಒಳ್ಳೆಯ ಮಾಡ್ಯೂಲ್ ಕಿತ್ತು ಹಾಕುವುದು ಬಹಳ ಕಡೆ ನಡೆಯುತ್ತದೆ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ, ಸರಿ ಇದೆ ಅಂತ ಬಿಟ್ಟುಬಿಡಬೇಡಿ. ಮೀಟರ್ ಹಿಡಿದುಕೊಂಡೇ ರೇಡಿಯೊ ಸಿಗ್ನಲ್ ಕಳಿಸುವ ಕ್ಷಣಕ್ಕೆ ಕಾಯಿರಿ. ಆಗಲೇ ರೇಡಿಯೊ ಜಾಸ್ತಿ ಕರೆಂಟ್ ಎಳೆಯುವುದು. ಬ್ಯಾಟರಿ ಹಳತಾಗಿದ್ದರೆ ವೋಲ್ಟೇಜ್ 10ಕ್ಕೆ ಕುಸಿದು, ಕಂಟ್ರೋಲರ್ ರೀಸ್ಟಾರ್ಟ್ ಆಗಿ, ಮತ್ತೆ ಏರುತ್ತದೆ. ಹೊರಗಿನಿಂದ ನೋಡುವವರಿಗೆ ಕಂಟ್ರೋಲರ್ ಕೆಟ್ಟ ಹಾಗೇ ಕಾಣುತ್ತದೆ. ಹಾಗೆಯೇ ಫ್ಯೂಸ್, ಹಸಿರು ತುಕ್ಕು ಹಿಡಿದ ಟರ್ಮಿನಲ್, ಕೇಬಲ್ ಬರುವ ತೂತಿನಿಂದ ನುಗ್ಗಿದ ಇರುವೆ ಎಲ್ಲ ನೋಡಿ. ಕಂಟ್ರೋಲ್ ರೂಮ್‌ನಿಂದ ಕರೆ ಬಂದಾಗ ರೇಡಿಯೊದ ಆರ್‌ಎಕ್ಸ್ (ಸಿಗ್ನಲ್ ಬಂತು ಎನ್ನುವ) ದೀಪ ಮಿನುಗಿ, ಟಿಎಕ್ಸ್ (ಸಿಗ್ನಲ್ ಹೋಯಿತು ಎನ್ನುವ) ದೀಪ ಮಾತ್ರ ಸುಮ್ನೆ ಇದ್ದರೆ ರೇಡಿಯೊಗೆ ಕೇಳಿಸುತ್ತಿದೆ, ಒಳಗಿನಿಂದ ಉತ್ತರ ಬರುತ್ತಿಲ್ಲ ಎಂದರ್ಥ. ರೇಡಿಯೊ ಮತ್ತು ಕಂಟ್ರೋಲರ್ ಮಧ್ಯದ ಸೀರಿಯಲ್ ಕೇಬಲ್ಲೂ ಸರಿಯಿದ್ದರೆ ಆಗ ಕಂಟ್ರೋಲರ್ ಮೇಲೆ ಅನುಮಾನ ಪಡಬಹುದು.

ಹೊಸ ಮಾಡ್ಯೂಲನ್ನು ಗುಡ್ಡದ ಮೇಲೆ ಮೊದಲ ಸಲ ಆನ್ ಮಾಡಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ಆಫೀಸಿನ ಮೇಜಿನ ಮೇಲೆಯೇ ಅದಕ್ಕೆ ಕರೆಂಟ್ ಕೊಟ್ಟು, ಫರ್ಮ್‌ವೇರ್ (ಮಾಡ್ಯೂಲ್ ಒಳಗಿನ ಮೂಲ ತಂತ್ರಾಂಶ) ಆವೃತ್ತಿ ಹೊಂದುತ್ತದೆಯಾ ನೋಡಿ, ಆ ಜಾಗದ ಪ್ರೋಗ್ರಾಂ ಹಾಕಿ, ಮಾಡ್‌ಬಸ್ ಐಡಿ (ಉಪಕರಣಗಳು ಮಾತಾಡುವ ಮಾಡ್‌ಬಸ್ ಭಾಷೆಯಲ್ಲಿ ಈ ಮಾಡ್ಯೂಲಿನ ನಂಬರ್) ಮತ್ತು ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಕೊಡಿ. ಐಡಿ 1ರಿಂದ 247ರೊಳಗೆ ಯಾವುದಾದರೂ ಇರಬಹುದು, ಆದರೆ ಒಂದೇ ಚಾನೆಲ್‌ನಲ್ಲಿ ಎರಡು ಮಾಡ್ಯೂಲ್‌ಗೆ ಒಂದೇ ಐಡಿ ಇದ್ದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಎರಡರ ಉತ್ತರವೂ ಕಲಸಿಹೋಗುತ್ತದೆ, ಚೆನ್ನಾಗಿದ್ದ ಪಕ್ಕದ ಟ್ಯಾಂಕೂ ಪರದೆಯಿಂದ ಮಾಯ. ಬಾಡ್ ರೇಟ್ ಜೊತೆ ಪ್ಯಾರಿಟಿಯನ್ನೂ (ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್) ನೋಡಿ, ಅದೊಂದು ತಪ್ಪಿದರೂ ಮಾತುಕತೆ ಇಲ್ಲ.

ಜಾಗಕ್ಕೆ ಹೋದ ಮೇಲೆ ಮೊದಲ ಕೆಲಸ ಫೋನ್. ಕಂಟ್ರೋಲ್ ರೂಮ್‌ಗೆ ಹೇಳಿ ಪಂಪನ್ನು ಆಟೋದಿಂದ ಮ್ಯಾನ್ಯುವಲ್‌ಗೆ ಹಾಕಿಸಿ. ಯಾಕೆಂದರೆ ನೀವು ವೈರ್ ಬಿಚ್ಚಿದ ಕೂಡಲೇ ಮಟ್ಟದ ಸಿಗ್ನಲ್ ಸೊನ್ನೆಗೆ ಬೀಳಬಹುದು. ಆಗ ಟ್ಯಾಂಕ್ ಖಾಲಿ ಅಂದುಕೊಂಡು ಪಂಪ್ ಓಡತೊಡಗುತ್ತದೆ, ತುಂಬಿದ ಟ್ಯಾಂಕಿನಿಂದ ನೀರು ಉಕ್ಕಿ ಹರಿಯುತ್ತದೆ. ಸೆನ್ಸರ್ ಮಟ್ಟವನ್ನು 4ರಿಂದ 20 ಮಿಲಿಆಂಪ್ ಕರೆಂಟಾಗಿ ಕಳಿಸುತ್ತದೆ, ಖಾಲಿ ಟ್ಯಾಂಕಿಗೂ 4 ಇರುತ್ತದೆ. ಹಾಗಾಗಿ 4 ಮಿಲಿಆಂಪ್‌ಗಿಂತ ಸಾಕಷ್ಟು ಕೆಳಗಿಳಿದರೆ ಅದನ್ನು ದೋಷ ಎಂದು ಗುರುತಿಸುವ ಹಾಗೆ ಪ್ರೋಗ್ರಾಂ ಬರೆಯಬಹುದು, ಎಲ್ಲರೂ ಬರೆದಿರುವುದಿಲ್ಲ. ಹಳೆ ಮಾಡ್ಯೂಲ್‌ನಲ್ಲಿ ಇನ್ನೂ ಜೀವ ಇದ್ದರೆ ಅದರ ಕಾನ್ಫಿಗರೇಶನ್ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ, ಹರಿದ ನೀರಿನ ಒಟ್ಟು ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಕರೆಂಟ್ ತೆಗೆಯುವಾಗ ಮೊದಲು ಸೋಲಾರ್ ಪ್ಯಾನೆಲ್, ಆಮೇಲೆ ಬ್ಯಾಟರಿ. ಕೊಡುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಉಲ್ಟಾ ಮಾಡಿದರೆ ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್‌ಗೆ ಪೆಟ್ಟು ಬೀಳಬಹುದು. ಆ್ಯಂಟೆನಾ ಕೇಬಲ್ ಬಿಚ್ಚಿ ರೇಡಿಯೊ ಆನ್ ಮಾಡುವುದಂತೂ ಬೇಡವೇ ಬೇಡ, ಕಳಿಸಿದ ಶಕ್ತಿ ಹೋಗಲು ದಾರಿ ಇಲ್ಲದೆ ವಾಪಸ್ ಬಂದು ರೇಡಿಯೊವನ್ನೇ ಸುಡಬಹುದು.

ಬಿಚ್ಚುವ ಮುಂಚೆ ಪ್ರತಿ ಬದಿಯ ಫೋಟೊ ತೆಗೆಯಿರಿ, ವೈರಿನ ನಂಬರ್ ಓದುವ ಹಾಗೆ ಹತ್ತಿರದಿಂದ. ಅರ್ತ್ ಮುಟ್ಟಿಕೊಂಡು ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಟರ್ಮಿನಲ್ ಬ್ಲಾಕ್ ಇಡಿಯಾಗಿ ಹೊರಗೆ ಬರುವಂಥದಾದರೆ ಒಂದೊಂದೇ ವೈರ್ ಬಿಚ್ಚಬೇಕಿಲ್ಲ. ಕೆಳಗಿನ ಕ್ಲಿಪ್ಪನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಳೆದರೆ ಮಾಡ್ಯೂಲ್ ತಾನು ಕೂತ ಲೋಹದ ಪಟ್ಟಿಯಿಂದ (ರೈಲ್) ಕಳಚಿಕೊಳ್ಳುತ್ತದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಸಣ್ಣ ಸ್ವಿಚ್‌ಗಳು, ಜಂಪರ್‌ಗಳು ಒಂದೇ ಥರ ಇವೆಯಾ ನೋಡಿ. ಸೆನ್ಸರ್ ಜೋಡಿಸುವ ಅನಲಾಗ್ ಇನ್‌ಪುಟ್‌ನ ಜಂಪರ್ ಕರೆಂಟ್ ಬದಲು ವೋಲ್ಟೇಜ್ ಕಡೆಗಿದ್ದರೆ ಅಳತೆ ಪೂರ್ತಿ ತಪ್ಪುತ್ತದೆ.

ಹೊಸದು ಕೂರಿಸಿ ಮೊದಲು ಪವರ್ ಪ್ಲಗ್ ಒಂದನ್ನೇ ಹಾಕಿ. ರನ್ ದೀಪ ಬಂತಾ? ಆಮೇಲೆ ರೇಡಿಯೊ ಕೇಬಲ್, ನಂತರ ಇನ್‌ಪುಟ್‌ಗಳು. ವಾಲ್ವ್ ತಿರುಗಿಸುವ ಔಟ್‌ಪುಟ್ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ.

ಈಗ ಪರೀಕ್ಷೆ. ದೀಪ ಹಸಿರಾಯಿತು ಅಂತ ಪೆಟ್ಟಿಗೆ ಮುಚ್ಚಿ ಇಳಿದುಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕುಡಿಯುವ ನೀರಿನ ವಿಷಯ ಅಲ್ವಾ? ಸೆನ್ಸರನ್ನು 0ರಿಂದ 5 ಮೀಟರ್‌ಗೆ ಹೊಂದಿಸಿದ್ದರೆ 4 ಮಿಲಿಆಂಪ್ ಅಂದರೆ ಖಾಲಿ, 20 ಅಂದರೆ ಪೂರ್ತಿ, 12 ಅಂದರೆ ಎರಡೂವರೆ ಮೀಟರ್. ಸೆನ್ಸರ್ ಬದಲು ಕ್ಯಾಲಿಬ್ರೇಟರಿನಿಂದ (ಬೇಕಾದಷ್ಟೇ ಕರೆಂಟ್ ಕೊಡುವ ಪರೀಕ್ಷಾ ಉಪಕರಣ) ಈ ಮೂರನ್ನೂ ಕೊಟ್ಟು, ಪ್ರತಿ ಸಲ ಕಂಟ್ರೋಲ್ ರೂಮ್‌ಗೆ ಫೋನ್ ಮಾಡಿ 'ಸ್ಕ್ರೀನಲ್ಲಿ ಎಷ್ಟಿದೆ?' ಎಂದು ಕೇಳಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿ ಇದ್ದರೆ ಸಾಲದು, ಅಲ್ಲಿ ಸರಿ ಇರಬೇಕು. ಕೊನೆಗೆ ಸೆನ್ಸರ್ ಜೋಡಿಸಿ, ಟ್ಯಾಂಕಿಗೆ ಟೇಪ್ ಇಳಿಬಿಟ್ಟು ನಿಜವಾದ ಮಟ್ಟದ ಜೊತೆ ತಾಳೆ ನೋಡಿ.

ಹರಿದ ನೀರಿನ ಒಟ್ಟು ಲೆಕ್ಕದಲ್ಲಿ ಒಂದು ವಿಚಿತ್ರ ತಪ್ಪು ಆಗುತ್ತದೆ. ಮಾಡ್‌ಬಸ್‌ನಲ್ಲಿ ಒಂದು ರಿಜಿಸ್ಟರ್ (ಸಂಖ್ಯೆ ಇಡುವ ಖಾನೆ) 16 ಬಿಟ್, ಹಾಗಾಗಿ 65,535ಕ್ಕಿಂತ ದೊಡ್ಡ ಸಂಖ್ಯೆಗೆ ಎರಡು ರಿಜಿಸ್ಟರ್ ಬೇಕು. ಯಾವುದು ಮೊದಲು ಎಂಬುದು ಹಳೆ, ಹೊಸ ಮಾಡ್ಯೂಲ್‌ಗಳಲ್ಲಿ ಬೇರೆ ಬೇರೆ ಇದ್ದರೆ 70,000 ಎಂದು ಬರಬೇಕಾದದ್ದು 29,25,52,705 ಎಂದು ಬರುತ್ತದೆ. ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಸೆಟ್ಟಿಂಗ್‌ನಲ್ಲಿ ವರ್ಡ್ ಆರ್ಡರ್ ಬದಲಿಸಿದರೆ ಆಯಿತು.

ರೇಡಿಯೊದ ಫ್ರೀಕ್ವೆನ್ಸಿ, ಪವರ್ ಎರಡನ್ನೂ ಮುಟ್ಟಬೇಡಿ. ನಮ್ಮ ದೇಶದಲ್ಲಿ 865–867 ಮೆಗಾಹರ್ಟ್ಸ್‌ಗೆ 2005ರಿಂದ ಲೈಸೆನ್ಸ್ ಬೇಕಿಲ್ಲ ನಿಜ, ಆದರೆ ಪವರ್ ಮಿತಿ ಇದೆ. ಬೇರೆ ಬ್ಯಾಂಡಿನಲ್ಲಿದ್ದರೆ ಲೈಸೆನ್ಸ್‌ನಲ್ಲಿ ಬರೆದ ಫ್ರೀಕ್ವೆನ್ಸಿಯೇ ಕೊನೆ. ಸಿಗ್ನಲ್ ಮಟ್ಟ ಮಾತ್ರ ಹಳೆ ದಾಖಲೆ ಜೊತೆ ಹೋಲಿಸಿ. ಕಡಿಮೆಯಾಗಿದ್ದರೆ ಕೆಲಸದ ಗಡಿಬಿಡಿಯಲ್ಲಿ ಆ್ಯಂಟೆನಾ ಕನೆಕ್ಟರ್ ಸಡಿಲವಾಗಿರಬಹುದು.

ಹಳೆಯದು ಸತ್ತಿದ್ದು ಯಾಕೆ ಎಂಬುದನ್ನೂ ನೋಡಿಯೇ ಇಳಿಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗುಡ್ಡದ ತುದಿಯ ಕಂಬಕ್ಕೆ ಸಿಡಿಲಿನ ಕಾಟ ತಪ್ಪಿದ್ದಲ್ಲ. ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಸುಟ್ಟಿದ್ದು, ಅರ್ತ್ ತಂತಿ ತುಕ್ಕು ಹಿಡಿದು ತುಂಡಾಗಿದ್ದರೆ ಹೊಸ ಮಾಡ್ಯೂಲಿಗೂ ಅದೇ ಗತಿ.

ಎಲ್ಲ ಸರಿ ಕಂಡರೆ ಪಂಪನ್ನು ಆಟೋಗೆ ಹಾಕಿಸಿ, ಅದು ತಾನಾಗಿಯೇ ಒಂದು ಸಲ ಶುರುವಾಗಿ ನಿಲ್ಲುವ ತನಕ ಅಲ್ಲೇ ಇರಿ. ಕಾಯುವ ಹೊತ್ತಿನಲ್ಲಿ ಕೇಬಲ್ ತೂತುಗಳನ್ನು ಮುಚ್ಚಿ, ಬಾಗಿಲಿನ ಒಳಬದಿಗೆ ತಾರೀಖು, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ ಬರೆದ ಚೀಟಿ ಅಂಟಿಸಿ. ಹಳೆ ಮಾಡ್ಯೂಲಿಗೂ ಏನಾಗಿತ್ತು ಎಂದು ಬರೆದು ಕಟ್ಟಿ, ಹೊಸ ಕಾನ್ಫಿಗರೇಶನ್‌ನ ಒಂದು ಪ್ರತಿಯನ್ನು ಆಫೀಸಿನ ಕಂಪ್ಯೂಟರಿನಲ್ಲಿ ಆ ಟ್ಯಾಂಕಿನ ಹೆಸರಿನಲ್ಲೇ ಇಡಿ.