14 ಪುಟದ ಪ್ರಪೋಸಲ್ ಸೋತಿತು, 3 ಪುಟದ್ದು ಗೆದ್ದಿತು

ನಾನು ಮಡಿಕೇರಿಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವವನು. ಕಂಪನಿ ಗಿಂಪನಿ ಏನಿಲ್ಲ. ನಾನೊಬ್ಬ, ಒಂದು ಲ್ಯಾಪ್‌ಟಾಪ್, ಮಳೆಗಾಲಕ್ಕೆ ಒಂದು ಇನ್ವರ್ಟರ್.

ಶುರುವಿನಲ್ಲಿ ಒಂದು ರೆಸಾರ್ಟ್‌ಗೆ 14 ಪುಟದ ಪ್ರಪೋಸಲ್ ಕೊಟ್ಟಿದ್ದೆ, ಅದೂ ಇಂಗ್ಲಿಷ್‌ನಲ್ಲಿ. ನಾನು ಯಾರು, ಯಾವ ಟೆಕ್ನಾಲಜಿ ಬಳಸುತ್ತೇನೆ, ಎಸ್‌ಇಒ (ಗೂಗಲ್‌ನಲ್ಲಿ ಹುಡುಕಿದಾಗ ಸೈಟು ಮೇಲೆ ಬರುವಂತೆ ಮಾಡುವುದು) ಅಂದರೇನು, ಎಲ್ಲ ಇತ್ತು. ಅವರ ರೆಸಾರ್ಟ್ ಹೆಸರು ಮೊದಲು ಬಂದದ್ದು 6ನೇ ಪುಟದಲ್ಲಿ. "ನೋಡಿ ಹೇಳ್ತೀವಿ" ಅಂದರು. ಇನ್ನೂ ನೋಡುತ್ತಿದ್ದಾರೆ.

ಆಮೇಲೆ ಕಕ್ಕಬ್ಬೆ ಕಡೆಯ ಒಂದು ಹೋಮ್‌ಸ್ಟೇ ಕೆಲಸ ಬಂತು. ಮೂರು ರೂಮು, ನಡೆಸುವವರು ಆಂಟಿ, ತೋಟ ಅಂಕಲ್‌ದು. ಈ ಸಲ ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಹೋದೆ. ಡಿಸೆಂಬರ್, ಕಾಫಿ ಕೊಯ್ಲು ಶುರುವಾಗಿತ್ತು, ಸಂಜೆ ಕೆಲಸದವರು ಕೊಯ್ದು ತಂದ ಹಣ್ಣನ್ನು ಆಂಟಿ ತೂಕ ಹಾಕಿ ಬರೆದುಕೊಳ್ಳುತ್ತಿದ್ದರು. ನಾನು ಜಗಲಿಯಲ್ಲಿ ಕೂತಿದ್ದ ಎರಡು ಗಂಟೆಯಲ್ಲಿ ಅವರ ಫೋನ್ ಏಳು ಸಲ ಹೊಡೆದುಕೊಂಡಿತು. ನೆಟ್‌ವರ್ಕ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ, ಪ್ರತಿ ಸಲ ತಕ್ಕಡಿ ಬಿಟ್ಟು ಅಲ್ಲಿಗೆ ಓಡಬೇಕು. ಐದು ಜನ ಕೇಳಿದ್ದು ಅದೇ ಮೂರು ಪ್ರಶ್ನೆ: ರೇಟ್ ಎಷ್ಟು, ತಡಿಯಂಡಮೋಳ್ ಬೆಟ್ಟ ಎಷ್ಟು ದೂರ, ಕಾರು ಮನೆವರೆಗೂ ಬರುತ್ತಾ?

"ವೆಬ್‌ಸೈಟ್ ಯಾಕೆ ಬೇಕು ಆಂಟಿ?" ಅಂತ ಕೇಳಿದೆ. "ಪಕ್ಕದವರು ಮಾಡಿಸಿದ್ದಾರಲ್ಲ" ಅಂದರು. ಮೊದಲು ಎಲ್ಲರೂ ಹೇಳುವುದು ಇದನ್ನೇ, ಇದನ್ನು ಬರೆದುಕೊಳ್ಳಬೇಡಿ. ಎರಡನೇ ಲೋಟ ಕಾಫಿ ಆದ ಮೇಲೆ ನಿಜವಾದ ಮಾತು ಬಂತು. "ಒಂದೇ ಫೋಟೋನ ದಿನಕ್ಕೆ ಹತ್ತು ಸಲ ಕಳಿಸ್ತೀನಿ ಮಾರಾಯ. ಅದರ ಮೇಲೆ ಬುಕಿಂಗ್ ಆಪ್‌ನವರ ಕಮಿಷನ್ ಬೇರೆ."

ಅವರ ನೋಟ್‌ಬುಕ್ ಇಸಕೊಂಡು ನೋಡಿದೆ. ನವೆಂಬರ್‌ನಲ್ಲಿ 18 ಬುಕಿಂಗ್, ಅದರಲ್ಲಿ 11 ಆಪ್‌ನಿಂದ. ರೂಮಿಗೆ 3,500, ಅವರಿಗೆ ಬೀಳುತ್ತಿದ್ದ ಕಮಿಷನ್ 18%, ಅಂದರೆ ಒಂದು ರಾತ್ರಿಗೆ 630 ರೂಪಾಯಿ ಹೋಯಿತು. ನನ್ನ ರೇಟು 38,000. ತಿಂಗಳಿಗೆ ಐದು ಬುಕಿಂಗ್ ನೇರ ಬಂದರೆ 3,150 ಉಳಿಯುತ್ತದೆ. ಮಳೆಗಾಲದ ಮೂರು ತಿಂಗಳು ಲೆಕ್ಕಕ್ಕಿಲ್ಲ, ಹಾಗಾಗಿ ಹಾಕಿದ ದುಡ್ಡು ವಾಪಸ್ ಬರಲು ಒಂದೂಕಾಲು ವರ್ಷ ಬೇಕು ಅಂತಲೇ ಬರೆದೆ. ಆರು ತಿಂಗಳು ಅಂತ ಬರೆಯಬಹುದಿತ್ತು, ಕೇಳೋಕೂ ಚೆಂದ. ಆದರೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಬಟವಾಡೆ ಮಾಡುವವರ ಮುಂದೆ ಅಂಥ ಲೆಕ್ಕ ನಡೆಯೋದಿಲ್ಲ ಅಲ್ವಾ? ಆಪ್ ಬಿಡಬೇಡಿ, ಹೊಸಬರು ಅಲ್ಲಿಂದಲೇ ಬರುತ್ತಾರೆ, ವೆಬ್‌ಸೈಟ್ ಇರೋದು ಒಮ್ಮೆ ಬಂದವರಿಗೆ ಮತ್ತು ಅವರು ಹೇಳಿ ಕಳಿಸಿದವರಿಗೆ ಅಂತಲೂ ಸೇರಿಸಿದೆ.

ಪ್ರಪೋಸಲ್ ಮೂರೇ ಪುಟ, ಕನ್ನಡದಲ್ಲಿ. ಮೊದಲ ಸಾಲೇ ಆಂಟಿಯ ಮಾತು, ಆ ಹತ್ತು ಸಲ ಫೋಟೋ ಕಳಿಸುವ ಕತೆ. ಆಮೇಲೆ ನಾನು ಮಾಡುವ ಕೆಲಸ: ರೇಟು ಮತ್ತು ರೂಮಿನ ಫೋಟೋ ಇರುವ ಪುಟ, ವಾಟ್ಸಾಪ್ ಬಟನ್, ಸಿಗ್ನಲ್ ಒಂದೇ ಕಡ್ಡಿ ಇದ್ದರೂ ತೆರೆಯುವಷ್ಟು ಹಗುರ ಸೈಟು, ದಾರಿಯ ಮ್ಯಾಪ್. ಮ್ಯಾಪ್‌ನಲ್ಲಿ ಪಿನ್ ತಪ್ಪಾಗಿತ್ತು, ಗೆಸ್ಟ್‌ಗಳು ಪಕ್ಕದ ತೋಟದ ಗೇಟ್ ಮುಂದೆ ಹೋಗಿ ನಿಲ್ಲುತ್ತಿದ್ದರು. ಅದನ್ನು ಅವತ್ತೇ ಸುಮ್ನೆ ಸರಿಮಾಡಿಕೊಟ್ಟು ಬಂದಿದ್ದೆ. ಆ ಹತ್ತು ನಿಮಿಷದ ಕೆಲಸಕ್ಕೆ ಸಿಕ್ಕಿದ ನಂಬಿಕೆ ಮೂರು ಪುಟಕ್ಕಿಂತ ಜಾಸ್ತಿ.

ಮಾಡದ ಕೆಲಸವನ್ನೂ ಬರೆದೆ. ಹಿಂದೊಬ್ಬರು "ಸಣ್ಣ ಚೇಂಜ್, ಸಣ್ಣ ಚೇಂಜ್" ಅಂತಲೇ ನಾಲ್ಕು ತಿಂಗಳು ಎಳೆದಿದ್ದರು. ತಪ್ಪು ನನ್ನದೇ, ಎಲ್ಲೂ ಬರೆದಿರಲಿಲ್ಲ. ಈಗ ಎರಡು ಸಲ ತಿದ್ದುವುದು ಫ್ರೀ, ಮೂರನೇದಕ್ಕೆ 1,500. ಡೊಮೈನ್, ಅಂದರೆ ಸೈಟಿನ ವಿಳಾಸ, ಆಂಟಿ ಹೆಸರಲ್ಲೇ ಇರುತ್ತದೆ, ವರ್ಷ ವರ್ಷದ ಖರ್ಚು ಬೇರೆ. ಫೋಟೋ ಮತ್ತು ಪ್ರವಾಸೋದ್ಯಮ ಇಲಾಖೆಯ ನೋಂದಣಿ ನಂಬರ್ ಅವರು ಯಾವಾಗ ಕೊಡಬೇಕು ಅಂತ ತಾರೀಕು ಹಾಕಿದೆ.

ದುಡ್ಡಿನದು ಮೂರು ಕಂತು: ಶುರುವಿಗೆ 10,000, ಸೈಟ್ ತೆರೆದ ದಿನ 10,000, ಉಳಿದ 18,000 ಮಾರ್ಚ್‌ನಲ್ಲಿ, ಕಾಫಿ ಮಾರಿದ ಮೇಲೆ. ಅಲ್ಲಿವರೆಗೆ ಬಾಯಿ ಬಿಡದೆ ಕೂತಿದ್ದ ಅಂಕಲ್ ಈ ಸಾಲು ಓದಿ ನಕ್ಕರು. "ಇವನಿಗೆ ತೋಟದವರ ಕಷ್ಟ ಗೊತ್ತುಂಟು" ಅಂದರು. ಆಂಟಿ ಮಾತ್ರ 35,000ಕ್ಕೆ ಇಳಿಸು ಅಂದರು. ರೇಟ್ ಇಳಿಸಿದರೆ ಕೆಲಸವನ್ನೂ ಇಳಿಸಬೇಕು ಅಂತ ಸೈಟಿನಲ್ಲಿ ಇಂಗ್ಲಿಷ್ ಪುಟಗಳಿಗೆ ಜೊತೆಯಾಗಿದ್ದ ಕನ್ನಡ ಪುಟ ತೆಗೆಯಲು ಹೊರಟೆ. ಕನ್ನಡ ಪುಟ ಇರಲಿ ಅಂತ 38,000ಕ್ಕೇ ಒಪ್ಪಿದರು.

ಮೂರನೇ ಕಂತು ಬಂದದ್ದು ಮೇ ತಿಂಗಳಲ್ಲಿ. ರೇಟ್ ಏರಬಹುದು ಅಂತ ಅಂಕಲ್ ಕಾಫಿ ಮೂಟೆಗಳನ್ನು ಮಾರದೆ ಇಟ್ಟುಕೊಂಡಿದ್ದರಂತೆ. ಈಗ ನಾನು "ಕಾಫಿ ಮಾರಿದ ಮೇಲೆ" ಅಂತ ಬರೆಯುವುದಿಲ್ಲ, "ಮಾರ್ಚ್ 31ರ ಒಳಗೆ" ಅಂತಷ್ಟೇ ಬರೆಯುತ್ತೇನೆ.