ಬ್ಯಾಕಪ್ ಇದೆ ಸರಿ, ವಾಪಸ್ ಬರುತ್ತಾ? ಸಣ್ಣ ಆಫೀಸಿಗೊಂದು ರಿಸ್ಟೋರ್ ಪರೀಕ್ಷೆ

ಹುಬ್ಬಳ್ಳಿಯಲ್ಲಿ ನಾನು ನೋಡಿಕೊಳ್ಳುವುದು ಹೆಚ್ಚಾಗಿ ಸಣ್ಣ ಆಫೀಸುಗಳ ಕಂಪ್ಯೂಟರ್. ಆಡಿಟರ್ ಆಫೀಸು, ಎಪಿಎಂಸಿಯ ದಲಾಲಿ ಅಂಗಡಿ, ಡಿಟಿಪಿ ಸೆಂಟರ್. ಬ್ಯಾಕಪ್ ತಗೋತೀರಾ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಅದು ನಿಜವೂ ಹೌದು. ಅದನ್ನು ತೆರೆದು ನೋಡಿದ್ದು ಯಾವಾಗ ಎಂದರೆ ಮಾತ್ರ ಉತ್ತರ ಇರುವುದಿಲ್ಲ.

ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ತಾಣದ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ದಿನಾ ಆಗಬೇಕಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2. ಹಾಗಾಗಿ ಅದು ಫೇಲ್ ಆಗುತ್ತಲೇ ಇತ್ತು. ಫೇಲ್ ಆಗಿದೆ ಎಂದು ತಿಳಿಸುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು ಅವರನ್ನು ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದುಕೊಂಡರು. ಅದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿ.

ಮೊದಲ ಕೆಲಸ, ಡೇಟಾ ಎಲ್ಲಿದೆ ಎಂದು ಪತ್ತೆ ಮಾಡುವುದು. ಯಜಮಾನರನ್ನು ಕೇಳಬೇಡಿ, ಕೂತು ಕೆಲಸ ಮಾಡುವವರನ್ನು ಕೇಳಿ. "ನಿನ್ನೆ ಟೈಪ್ ಮಾಡಿದ ಲೆಟರ್ ತೆಗೀರಿ ಮೇಡಂ" ಎಂದರೆ ಅವರ ಮೌಸ್ ಎಲ್ಲಿಗೆ ಹೋಗುತ್ತದೋ ಅಲ್ಲಿದೆ ಡೇಟಾ. ಎಷ್ಟೋ ಸಲ ಅದು ಡೆಸ್ಕ್‌ಟಾಪ್, ಇಲ್ಲವೇ ಡೌನ್‌ಲೋಡ್ಸ್. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಡೇಟಾ ಪಾತ್, ಅಂದರೆ ಡೇಟಾ ಇರುವ ಫೋಲ್ಡರ್, ಏನೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಬರೆದುಕೊಳ್ಳಿ. ಹಳೇ ಆವೃತ್ತಿಯ ಫೋಲ್ಡರ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಇರಬಹುದು. ಬ್ಯಾಕಪ್ ಮಾತ್ರ ಹಳೆಯದರದ್ದೇ ನಡೆಯುತ್ತಿರುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಬ್ಯಾಕಪ್ ಇಲ್ಲ, ಅದರ ಕೀ ಹೊರಗೆ ಬರುವುದಿಲ್ಲ. ಕಳೆದರೆ ಹೊಸದು ಮಾಡಿಸಬೇಕು, ಅಷ್ಟೇ.

ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ. ಒಂದು ವಾರ ಇದು, ಇನ್ನೊಂದು ವಾರ ಅದು. ಒಂದು ಯಾವಾಗಲೂ ಯಜಮಾನರ ಮನೆಯಲ್ಲಿರಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಹೋದವು.

ಕಾಪಿ ಮಾಡುವ ಮುಂಚೆ ಎಲ್ಲ ಕಂಪ್ಯೂಟರಿನಲ್ಲೂ ಟ್ಯಾಲಿ ಮುಚ್ಚಿಸಿ. ಕಾಪಿ ಮುಗಿದ ಕೂಡಲೇ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಇದನ್ನು ಒತ್ತಿ ಹೇಳುತ್ತೇನೆ. 2017ರ ಮೇ 12ರಂದು ಹರಡಿದ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್, ಸಿಕ್ಕಿಸಿಟ್ಟ ಡ್ರೈವ್‌ಗಳ ಫೈಲ್‌ಗಳನ್ನೂ ಬಿಡಲಿಲ್ಲ. ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕಾಪಿ ಮಾಡಲು ವಿಂಡೋಸ್‌ನ ರೋಬೊಕಾಪಿ ಆಜ್ಞೆ ಬಳಸುವವರು 'ಮಿರರ್' ಆಯ್ಕೆ ಬಗ್ಗೆ ಹುಷಾರಾಗಿರಿ. ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನಂಥ ಸಿಂಕ್ ಕೂಡ ಅದೇ ಸ್ವಭಾವದ್ದು. ಅಳಿಸಿದ ಫೈಲ್ ಅದರ ಕಸದಬುಟ್ಟಿಯಲ್ಲಿರುವುದು 30 ದಿನ. ಆಡಿಟರ್ ಆಫೀಸಿನಲ್ಲಿ ಹೋದ ವರ್ಷದ ಫೈಲ್ ಇಲ್ಲ ಎಂದು ಗೊತ್ತಾಗುವುದೇ ಮುಂದಿನ ವರ್ಷ, ಅಲ್ವಾ?

ಈಗ ಪರೀಕ್ಷೆ, ಅಂದರೆ ಬ್ಯಾಕಪ್ಪಿನಿಂದ ಡೇಟಾವನ್ನು ಬೇರೆ ಕಂಪ್ಯೂಟರಿಗೆ ವಾಪಸ್ ತಂದು ನೋಡುವ ರಿಸ್ಟೋರ್. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಹೀಗೆ ಜಿಎಸ್‌ಟಿ ರಿಟರ್ನ್‌ಗಳ ಕೊನೇ ದಿನ ಇರುವ ಆಫೀಸಿನಲ್ಲಿ ಅದಕ್ಕಿಂತ ಮೊದಲು ಈ ಮಾತು ಎತ್ತಬೇಡಿ. 20 ಕಳೆದ ಮೇಲಿನ ಶನಿವಾರ ಮಧ್ಯಾಹ್ನ ಸರಿಯಾದ ಹೊತ್ತು. ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಒಂದು ಹಳೇ ಲ್ಯಾಪ್‌ಟಾಪ್ ತಗೊಳ್ಳಿ, ವೈಫೈ ಆಫ್ ಮಾಡಿ. ಬ್ಯಾಕಪ್ ತೆಗೆಯುವವರು ಪಕ್ಕದಲ್ಲಿ ಸುಮ್ನೆ ಕೂತಿರಲಿ, ಬೇರೆಯವರು ರಿಸ್ಟೋರ್ ಮಾಡಲಿ. ಬ್ಯಾಕಪ್ ಮಾಡುವವರು ರಜೆಯಲ್ಲಿದ್ದಾಗಲೂ ಡಿಸ್ಕ್ ಕೆಡಬಹುದು.

ಶುರುವಾಗುವ ಮೊದಲು, ಬ್ಯಾಕಪ್ ತೆಗೆದ ದಿನವೇ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದಿಟ್ಟಿರಬೇಕು: ಕೊನೆಯ ಸೇಲ್ಸ್ ವೋಚರ್ ನಂಬರ್, ಟ್ರಯಲ್ ಬ್ಯಾಲೆನ್ಸ್ ಮೊತ್ತ, ಕ್ಲೈಂಟ್ ಫೋಲ್ಡರಿನಲ್ಲಿರುವ ಫೈಲ್‌ಗಳ ಸಂಖ್ಯೆ. ರಿಸ್ಟೋರ್ ಆದ ಮೇಲೆ ಈ ಮೂರನ್ನೂ ತಾಳೆ ನೋಡಿ. ಕಂಪನಿ ಹೆಸರು ಪರದೆ ಮೇಲೆ ಬಂದ ಮಾತ್ರಕ್ಕೆ 'ಬಂತು ಬಂತು' ಎಂದು ಎದ್ದು ಹೋಗಬೇಡಿ. ಹೆಸರು ಬಂದು, ಲೆಕ್ಕ ಮೂರು ತಿಂಗಳ ಹಿಂದೆಯೇ ನಿಂತಿರಬಹುದು.

ಮೊದಲ ತಡೆ ಬರುವುದು ಡಿಸ್ಕ್ ಸಿಕ್ಕಿಸಿದಾಗಲೇ. ಮನೆಗೆ ಹೋಗುವ ಡಿಸ್ಕಿಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿರಲೇಬೇಕು, ಅದರೊಳಗೆ ಜನರ ಪ್ಯಾನ್, ಆಧಾರ್ ಇರುತ್ತದೆ. ಪಾಸ್‌ವರ್ಡ್ ಮರೆತರೆ 48 ಅಂಕಿಯ ರಿಕವರಿ ಕೀ ಬೇಕು. ಅದು ಎಲ್ಲಿದೆ? ಕೆಟ್ಟ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲಿದ್ದರೆ ಏನೂ ಪ್ರಯೋಜನವಿಲ್ಲ. ಕಾಗದದ ಮೇಲೆ ಪ್ರಿಂಟ್ ತೆಗೆದು, ಡಿಸ್ಕ್ ಇಲ್ಲದ ಕಡೆ ಇಡಿ. ಪರೀಕ್ಷೆಯ ದಿನ ಆ ಕಾಗದ ನೋಡಿಯೇ ಟೈಪ್ ಮಾಡಿ. ಕೈಬರಹವಾದರೆ ಒಂದು ಮತ್ತು ಏಳು ಒಂದೇ ಥರ ಕಾಣುವುದು ಅವತ್ತೇ ಗೊತ್ತಾಗುತ್ತದೆ. ಟ್ಯಾಲಿ ಡೇಟಾಗೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡೂ ಅದೇ ಕಾಗದದಲ್ಲಿರಲಿ. ಅದು ಮರೆತರೆ ಆ ಡೇಟಾ ತೆರೆಯಲು ದಾರಿಯೇ ಇಲ್ಲ.

ಮುಂದಿನದು ಆವೃತ್ತಿ. ಹೊಸ ಟ್ಯಾಲಿಪ್ರೈಮ್‌ಗೆ ಬದಲಾಯಿಸಿದ ಡೇಟಾ ಹಳೇ ಆವೃತ್ತಿಯಲ್ಲಿ ತೆರೆಯದೇ ಹೋಗಬಹುದು. ಗಿಟ್‌ಲ್ಯಾಬ್‌ಗೆ ಕೈಕೊಟ್ಟಿದ್ದೂ ಇಂಥ ಆವೃತ್ತಿ ವ್ಯತ್ಯಾಸವೇ. ಆಫೀಸಿನಲ್ಲಿ ಓಡುತ್ತಿರುವ ಆವೃತ್ತಿಯ ಇನ್‌ಸ್ಟಾಲರ್ ಫೈಲನ್ನೂ ಬ್ಯಾಕಪ್ ಡಿಸ್ಕಿನಲ್ಲೇ ಇಡಿ.

ನಮ್ಮ ಕಡೆ ಇನ್ನೊಂದು ತೊಡಕಿದೆ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಹತ್ತು ವರ್ಷದ ಹಿಂದಿನ ಠರಾವು, ನೋಟಿಸು, ಲಗ್ನಪತ್ರಿಕೆ ಎಲ್ಲ ನುಡಿಯ ಹಳೇ ಫಾಂಟಿನಲ್ಲಿರುತ್ತವೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಆ ಫೈಲನ್ನು ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಸಾಲುಗಟ್ಟಲೆ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕಿ, ಗೀಟು. ಫೈಲ್ ಕೆಟ್ಟಿದೆ ಎಂದು ಅಳಿಸಲು ಹೋಗುತ್ತಾರೆ. ಕೆಟ್ಟಿಲ್ಲ, ಫಾಂಟ್ ಹಾಕಿದರೆ ಕನ್ನಡ ಹಾಗೇ ಬರುತ್ತದೆ. ಆದ್ದರಿಂದ ಫಾಂಟ್‌ಗಳೂ ಬ್ಯಾಕಪ್‌ನಲ್ಲಿ ಇರಬೇಕು. ಪರೀಕ್ಷೆಗೆ ಹಳೆಯದರಲ್ಲಿ ಹಳೆಯ ಫೈಲನ್ನೇ ಆರಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು ಅಲ್ಲಲ್ಲಿ ತೆರೆದು ಕೊನೆಯ ಪುಟದವರೆಗೂ ಇಳಿಸಿ ನೋಡಿ. ಸೈಜ್ ಪ್ರಕಾರ ಜೋಡಿಸಿದರೆ ಸೊನ್ನೆ ಕೆಬಿಯ ಖಾಲಿ ಫೈಲ್‌ಗಳು ಒಂದೇ ಕಡೆ ಸಿಗುತ್ತವೆ.

ಗಡಿಯಾರ ನೋಡಿ ಶುರು ಮತ್ತು ಮುಗಿದ ಸಮಯ ಬರೆದುಕೊಳ್ಳಿ. ಹಳೇ ಯುಎಸ್‌ಬಿ 2 ಪೋರ್ಟಿನಲ್ಲಿ 500 ಜಿಬಿ ಇಳಿಯಲು ನಾಲ್ಕು ಗಂಟೆಯೇ ಹಿಡಿಯಬಹುದು. 20ನೇ ತಾರೀಕು ಮಧ್ಯಾಹ್ನ ಕಂಪ್ಯೂಟರ್ ಸತ್ತರೆ ಸಂಜೆಯೊಳಗೆ ರಿಟರ್ನ್ ಹಾಕಬಹುದೋ ಇಲ್ಲವೋ ಎಂದು ಯಜಮಾನರಿಗೆ ಹೇಳಲು ಈ ಸಮಯವೇ ಆಧಾರ.

ಏನಾದರೂ ಬರಲಿಲ್ಲ ಎಂದಾದರೆ ಗಾಬರಿಯಲ್ಲಿ ಅದೇ ಡಿಸ್ಕಿನ ಮೇಲೆ ಹೊಸ ಬ್ಯಾಕಪ್ ಬರೆಯಬೇಡಿ. ಮೂರನೇ ಡಿಸ್ಕಿಗೆ ಹೊಸದಾಗಿ ತೆಗೆಯಿರಿ, ಮನೆಯಲ್ಲಿರುವ ಡಿಸ್ಕನ್ನೂ ತರಿಸಿ ನೋಡಿ, ಕಾರಣ ಗೊತ್ತಾದ ಮೇಲಷ್ಟೇ ಹಳೆಯದನ್ನು ಮುಟ್ಟಿ.

ಮುಗಿದ ಮೇಲೆ ಪರೀಕ್ಷೆಯ ಲ್ಯಾಪ್‌ಟಾಪನ್ನು ಹಾಗೇ ಬಿಡಬೇಡಿ. ಇಡೀ ಆಫೀಸಿನ ಡೇಟಾ ಅದರಲ್ಲಿದೆ. ವಿಂಡೋಸ್‌ನ ರೀಸೆಟ್‌ನಲ್ಲಿ ಡ್ರೈವ್ ಕ್ಲೀನ್ ಮಾಡುವ ಆಯ್ಕೆ ಹಾಕಿ ಪೂರ್ತಿ ಒರೆಸಿ. ಮುಂದಿನ ಸಲ ಟ್ಯಾಲಿ, ನುಡಿ ಎಲ್ಲ ಮತ್ತೆ ಮೊದಲಿಂದ ಹಾಕಬೇಕಾಗುತ್ತದೆ. ಹಾಗೇ ಆಗಲಿ. ಹೊಸ ಕಂಪ್ಯೂಟರ್ ಕೊಂಡು ತಂದ ದಿನ ಇರುವುದೂ ಅದೇ ಸ್ಥಿತಿ.